ಹೆಡ್ಡಿನ ಸ್ಕ್ರೂ ಮುಟ್ಟುವ ಮುಂಚೆ: ಹಳೆಯ ಪೋರ್ಟಬಲ್ ಕ್ಯಾಸೆಟ್ ಡೆಕ್ ಸರಿಮಾಡಿದ ನನ್ನ ಅನುಭವ

ನಾಲ್ಕು ಡಿ ಸೆಲ್ ಹಾಕುವ, ಹೆಗಲಿಗೆ ಪಟ್ಟಿ ಇರುವ, ಮುಂದೆ ಎರಡು ಮುಳ್ಳಿನ ಮೀಟರ್ ಇರುವ ಡೆಕ್ ಅದು. ನಮ್ಮ ಚಿಕ್ಕಪ್ಪ ಬಳಸುತ್ತಿದ್ದದ್ದು. ಅದರ ಜೊತೆ ಅವರು ಅದರಲ್ಲೇ ರೆಕಾರ್ಡ್ ಮಾಡಿದ 14 ಕ್ಯಾಸೆಟ್ ಕೂಡ ನನ್ನ ಕೈಗೆ ಬಂದವು. ಆ ಕ್ಯಾಸೆಟ್‌ಗಳು ಇರಲಿಲ್ಲ ಅಂದಿದ್ದರೆ ನಾನು ಈ ಕೆಲಸವನ್ನು ಬೇರೆ ರೀತಿಯಲ್ಲೇ ಮಾಡುತ್ತಿದ್ದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸೆಲ್ ಹಾಕುವ ಜಾಗ ನೋಡಿದೆ. ಹಳೆಯ ಆಲ್ಕಲೈನ್ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಬಡ್ಸ್‌ಗೆ ವಿನೆಗರ್ ಮುಟ್ಟಿಸಿ ಒರೆಸಿದರೆ ಅದು ನೊರೆ ಬಂದು ಬಿಡುತ್ತದೆ. ಆಮೇಲೆ ಒದ್ದೆ ಬಡ್ಸ್, ಕೊನೆಗೆ ಆಲ್ಕೋಹಾಲ್. ಮಲ್ಟಿಮೀಟರ್ ಇಟ್ಟಾಗ ಒಳಗಿನ ಬೋರ್ಡಿಗೆ 6 ವೋಲ್ಟ್ ಸರಿಯಾಗಿ ಹೋಗುತ್ತಿತ್ತು. ಪ್ಲೇ ಒತ್ತಿದರೆ ಮೋಟಾರ್ ತಿರುಗುವ ಸದ್ದು ಬಂತು, ಆದರೆ ಟೇಪ್ ಮಾತ್ರ ಅಲ್ಲಾಡಲಿಲ್ಲ.

ಕಾರಣ ಬೆಲ್ಟ್. ಹಳೆಯ ಬೆಲ್ಟ್ ಎಷ್ಟೋ ಸಲ ಹರಿದಿರುವುದಿಲ್ಲ, ಕರಗಿರುತ್ತದೆ. ಇದರಲ್ಲೂ ಹಾಗೇ ಆಗಿತ್ತು, ರಬ್ಬರ್ ಪೂರ್ತಿ ಡಾಂಬರಿನಂತೆ ಆಗಿ ಪುಲ್ಲಿಗೆ, ಫ್ಲೈವೀಲಿಗೆ (ವೇಗ ಒಂದೇ ಸಮ ಇಡುವ ಭಾರದ ಚಕ್ರ), ಕೆಳಗಿನ ತಗಡಿಗೆ ಅಂಟಿಕೊಂಡಿತ್ತು. ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಮರದ ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಪುಲ್ಲಿಯ ತೋಡಿನಲ್ಲಿ ಚೂರು ಉಳಿದರೂ ಆಮೇಲೆ ಹಾಡು ಅಲುಗುತ್ತದೆ. ಅಳತೆಗೆ ಬೆಲ್ಟ್ ಓಡುವ ದಾರಿಯ ಸುತ್ತ ದಾರ ಸುತ್ತಿ ಉದ್ದ ತೆಗೆದು, ಅದಕ್ಕಿಂತ ಸುಮಾರು ಶೇಕಡಾ 5 ಚಿಕ್ಕದನ್ನು ತರಿಸಿದೆ. ತುಂಬಾ ಬಿಗಿಯಾದದ್ದು ಹಾಕಿದರೆ ಮೋಟಾರಿನ ಬೇರಿಂಗಿಗೆ ಪೆಟ್ಟು.

ಹೊಸ ಬೆಲ್ಟ್ ಹಾಕಿದ ಮೇಲೆ ಟೇಪ್ ಓಡಿತು, ಆದರೆ ಉದ್ದದ ಸ್ವರಗಳೆಲ್ಲ ನಡುಗುತ್ತಿದ್ದವು. ಬೆಲ್ಟೇ ಸರಿಯಿಲ್ಲ ಅಂತ ಇನ್ನೊಂದು ತರಿಸಿದೆ, ಅದರಲ್ಲೂ ಅಷ್ಟೇ. ಮೂರು ಸಂಜೆ ಇದರಲ್ಲೇ ಹೋಯಿತು. ಕೊನೆಗೆ ಬೆಲ್ಟ್ ತೆಗೆದು ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದೆ, ಅರ್ಧ ಸುತ್ತಿಗೇ ನಿಂತಿತು! ಕ್ಯಾಪ್‌ಸ್ಟನ್, ಅಂದರೆ ಟೇಪ್ ಎಳೆಯುವ ಫ್ಲೈವೀಲಿನ ಲೋಹದ ಕಡ್ಡಿ, ಅದರ ಬೇರಿಂಗಿನ ಎಣ್ಣೆ ಒಣಗಿ ಅಂಟಾಗಿತ್ತು. ಫ್ಲೈವೀಲ್ ಹೊರಗೆ ಎಳೆದು, ಕಡ್ಡಿಯನ್ನೂ ತೂತನ್ನೂ ಒರೆಸಿ, ತೆಳು ಮೆಷಿನ್ ಎಣ್ಣೆ ಒಂದೇ ಒಂದು ಹನಿ ಬಿಟ್ಟೆ. ಕಡ್ಡಿಯ ಬುಡದಲ್ಲಿ ಸಣ್ಣ ವಾಷರ್ ಇರುತ್ತದೆ, ಬಿದ್ದರೆ ಸಿಗುವುದಿಲ್ಲ, ಅದಕ್ಕೇ ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ರಬ್ಬರ್ ಚಕ್ರ, ಪಿಂಚ್ ರೋಲರ್ ಕೂಡ ಗಾಜಿನಂತೆ ನುಣುಪಾಗಿತ್ತು. ಸೋಪಿನ ನೀರಿನಲ್ಲಿ ತೊಳೆದು ನೋಡಿದೆ, ಸಾಲಲಿಲ್ಲ, ಬದಲಾಯಿಸಿದೆ. ನಡುಕ ಹೋಯಿತು.

ಟೇಪಿನಿಂದ ದನಿ ಓದುವ, ಅದಕ್ಕೆ ದನಿ ತುಂಬುವ ಹೆಡ್ಡನ್ನು ಆಲ್ಕೋಹಾಲ್‌ನಿಂದ ಒರೆಸಿದೆ, ಡೆಕ್ ಆಫ್ ಮಾಡಿ, ಹೆಡ್ಡಿಗೆ ಹಿಡಿದ ಅಯಸ್ಕಾಂತ ತೆಗೆಯುವ ಡಿಮ್ಯಾಗ್ನೆಟೈಸರ್ ಆಡಿಸಿದೆ. ಅದನ್ನು ನಿಧಾನವಾಗಿ ದೂರ ಒಯ್ದ ಮೇಲೆಯೇ ಅದರ ಸ್ವಿಚ್ ಆರಿಸಬೇಕು. ಹತ್ತಿರದಲ್ಲೇ ಆರಿಸಿದರೆ ಹೆಡ್ಡಿಗೆ ಇನ್ನೂ ಜಾಸ್ತಿ ಅಯಸ್ಕಾಂತ ಹಿಡಿಯುತ್ತದೆ.

ಎಡ ಚಾನೆಲ್ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಕೆಪಾಸಿಟರ್ ಹೋಗಿದೆ ಅಂತ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮುಂಚೆ ರೆಕಾರ್ಡ್-ಪ್ಲೇ ಸ್ವಿಚ್ ನೋಡಿ. ಬೋರ್ಡಿನ ಮೇಲೆ ಉದ್ದಕ್ಕೆ ಕೂತಿರುವ, ಸುಮಾರು ಕಾಲುಗಳಿರುವ ಜಾರುವ ಸ್ವಿಚ್ ಅದು. ಸಿಗ್ನಲ್ ಎಲ್ಲ ಅದರ ಮೂಲಕವೇ ಹೋಗುತ್ತದೆ, ವರ್ಷಗಟ್ಟಲೆ ಸುಮ್ನೆ ಇಟ್ಟರೆ ಒಳಗೆ ಕಿಲುಬು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಐವತ್ತು ಸಲ ಆಡಿಸಿದೆ. ಎಡ ಚಾನೆಲ್ ಬಂತು, ಮತ್ತೆ ಹೋಗಲಿಲ್ಲ.

ಪರೀಕ್ಷೆಗೆ ಮೊದಲು ಹಾಕಿದ್ದು ಹೋದರೂ ಬೇಜಾರಿಲ್ಲದ ಒಂದು ಸಿ-60, ಅಂದರೆ 60 ನಿಮಿಷದ ಕ್ಯಾಸೆಟ್. ಸಿ-120 ಟೇಪ್ ತೀರಾ ತೆಳು, ಹೊಸದಾಗಿ ಸರಿಮಾಡಿದ ಡೆಕ್ಕಿಗೆ ಅದನ್ನು ಕೊಡಬೇಡಿ. ಹದಿನೈದು ನಿಮಿಷ ಓಡಿಸಿ ಬಿಸಿಯಾದ ಮೇಲೆ 3150 ಹರ್ಟ್ಸ್ ಸ್ವರ ಇರುವ ಟೆಸ್ಟ್ ಟೇಪ್ ಹಾಕಿ ಕಂಪ್ಯೂಟರಿನಲ್ಲಿ ನೋಡಿದೆ, 3087 ಬಂತು. ಅಂದರೆ ಶೇಕಡಾ 2ರಷ್ಟು ನಿಧಾನ. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಇಲ್ಲಿ ಅಷ್ಟು ಓಡುತ್ತಿಲ್ಲ. ಮೋಟಾರಿನ ಹಿಂದಿನ ತೂತಿನಲ್ಲಿ ವೇಗ ಹೊಂದಿಸುವ ಒಂದು ಟ್ರಿಮ್ಮರ್ ಇದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು.

ಇನ್ನು ಹೆಡ್ಡಿನ ಕೋನ, ಅಜಿಮತ್. ಅಂಗಡಿಯಿಂದ ಕೊಂಡ ರೆಡಿಮೇಡ್ ಕ್ಯಾಸೆಟ್ ಹಾಕಿದರೆ ದನಿ ಮಂಕಾಗಿತ್ತು, ಕಂಬಳಿ ಹೊದಿಸಿದ ಹಾಗೆ. ಸ್ಕ್ರೂ ಡ್ರೈವರ್ ಕೈಯಲ್ಲೇ ಇತ್ತು. ಆದರೆ ತಿರುಗಿಸುವ ಮುಂಚೆ, ಯಾವುದಕ್ಕೂ ಇರಲಿ ಅಂತ, ಚಿಕ್ಕಪ್ಪನ ಒಂದು ಕ್ಯಾಸೆಟ್ ಹಾಕಿ ನೋಡಿದೆ. ಗೆಜ್ಜೆಯ ಸದ್ದು, ಸ ಶ ಅಕ್ಷರ ಎಲ್ಲ ಫಳಫಳ!

ಯೋಚಿಸಿದರೆ ಅದು ಹಾಗೇ ಇರಬೇಕು ಅಲ್ವಾ. ಹೆಡ್ ಓರೆಯಾಗಿದ್ದಾಗಲೇ ಅವರು ರೆಕಾರ್ಡ್ ಮಾಡಿದ್ದು. ಟೇಪಿನ ಮೇಲಿನ ಗುರುತೂ ಅದೇ ಓರೆಯಲ್ಲಿದೆ. ನಾನು ಹೆಡ್ಡನ್ನು ನೆಟ್ಟಗೆ ಮಾಡಿದ್ದರೆ ಆ ಕ್ಷಣ ರೆಡಿಮೇಡ್ ಕ್ಯಾಸೆಟ್ ಚೆನ್ನಾಗಿ ಕೇಳುತ್ತಿತ್ತು, ಈ 14 ಮಂಕಾಗುತ್ತಿದ್ದವು. ಇವುಗಳಿಗೆ ಬೇರೆ ಪ್ರತಿ ಇಲ್ಲ.

ಸ್ಕ್ರೂ ಡ್ರೈವರ್ ಕೆಳಗಿಟ್ಟೆ. ಎರಡು ವಾರ ಕೂತು ಎಲ್ಲವನ್ನೂ ಆ ಹಳೆಯ ಕೋನದಲ್ಲೇ ಕಂಪ್ಯೂಟರಿಗೆ ಇಳಿಸಿಕೊಂಡೆ. ವೇಗದ ವಿಷಯದಲ್ಲೂ ಇದೇ ಕಥೆ. ಅಡಾಪ್ಟರ್ ಹಾಕಿ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್‌ನಲ್ಲಿ ಕರೆಂಟಿನ ಗುಂಯ್ ಸದ್ದು ಸಣ್ಣಗಿತ್ತು, ವೇಗ ಸರಿಮಾಡಿದ ಡೆಕ್ಕಿನಲ್ಲಿ ಅದು 50 ಇರಬೇಕಾದ್ದು 51 ಹರ್ಟ್ಸ್ ತೋರಿಸಿತು. ಆಗಲೂ ಡೆಕ್ ನಿಧಾನವಾಗಿಯೇ ಓಡುತ್ತಿತ್ತು ಅನ್ನುವುದಕ್ಕೆ ಅದು ಒಳ್ಳೆಯ ಸುಳಿವು. ಅದನ್ನು ಕಂಪ್ಯೂಟರಿನಲ್ಲೇ ಸರಿಪಡಿಸಿದೆ.

ಆಮೇಲೆ ಸ್ಕ್ರೂ ಇದ್ದ ಜಾಗಕ್ಕೆ ನೇಲ್ ಪಾಲಿಶ್ ಗುರುತು ಹಾಕಿ, ಟೆಸ್ಟ್ ಟೇಪಿನ 6300 ಹರ್ಟ್ಸ್‌ನಲ್ಲಿ ಮೊದಲು, 10,000ದಲ್ಲಿ ಆಮೇಲೆ ಸರಿಹೊಂದಿಸಿದೆ. ನೇರವಾಗಿ 10,000ಕ್ಕೆ ಹೋದರೆ ಸುಳ್ಳು ಶಿಖರಕ್ಕೆ, ಅಂದರೆ ದನಿ ಜೋರಾಗಿದ್ದರೂ ಕೋನ ತಪ್ಪಾಗಿರುವ ಜಾಗಕ್ಕೆ, ಸಿಕ್ಕಿಕೊಳ್ಳುವ ಅಪಾಯ ಇದೆ. ಎರಡೂ ಚಾನೆಲ್ ಸೇರಿಸಿ ಮೋನೊದಲ್ಲಿ ಕೇಳಿದಾಗ ಗರಿಷ್ಠ ಬರುವ ಜಾಗವೇ ಸರಿಯಾದ ಜಾಗ. ಒಟ್ಟು ತಿರುಗಿದ್ದು ಬಲಕ್ಕೆ ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ. ಹೊಸ ಟೇಪಿನಲ್ಲಿ ನನ್ನದೇ ದನಿ ರೆಕಾರ್ಡ್ ಮಾಡಿ ಕೇಳಿದೆ, ಎರಡೂ ಮೀಟರಿನ ಮುಳ್ಳು ಜೊತೆಜೊತೆಗೆ ಎದ್ದವು.

ಚಿಕ್ಕಪ್ಪನ 14 ಡಬ್ಬಿಗಳ ಒಳಗೂ ಒಂದೊಂದು ಚೀಟಿ ಇಟ್ಟಿದ್ದೇನೆ: ‘ಹಳೆಯ ಕೋನ. ಕೇಳುವ ಮುಂಚೆ ಸ್ಕ್ರೂವನ್ನು ಎಡಕ್ಕೆ, ಗುರುತಿನ ತನಕ.’