ಹೆಂಡತಿಗೆ ಶಾಶ್ವತ ಸ್ಟೋಮಾ ಆಗುವುದಿದ್ದರೆ ಗಂಡ ಕಲಿತಿರಬೇಕಾದ ಕೆಲಸಗಳು

ಕ್ಯಾನ್ಸರ್ ಗುದದ್ವಾರಕ್ಕೆ ತೀರ ಹತ್ತಿರದಲ್ಲಿದ್ದಾಗ ಕೆಲವೊಮ್ಮೆ ಮಲಾಶಯದೊಂದಿಗೆ ಗುದದ್ವಾರವನ್ನೂ ತೆಗೆದು, ದೊಡ್ಡ ಕರುಳಿನ ತುದಿಯನ್ನು ಸಾಮಾನ್ಯವಾಗಿ ಹೊಟ್ಟೆಯ ಎಡಭಾಗದಲ್ಲಿ ಹೊರತಂದು ಹೊಲಿಯಬೇಕಾಗುತ್ತದೆ. ಆ ಬಾಯಿಯೇ ಸ್ಟೋಮಾ. ಮುಂದೆ ಮಲ ಬರುವುದು ಅದರಿಂದಲೇ, ಅದರ ಸುತ್ತ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ. ಊರಲ್ಲಿ ಹೇಳುವುದು ಮಾತ್ರ ‘ಬ್ಯಾಗ್ ಹಾಕಿದ್ದಾರೆ’ ಎಂದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಗೆ ಈ ಮಾತು ಬಂದ ದಿನ ನನ್ನ ಹೆಂಡತಿ ಡಾಕ್ಟರರಲ್ಲಿ ಮೊದಲು ಕೇಳಿದ್ದು, ‘ಇನ್ನು ಸೀರೆ ಉಡಬಹುದೇ’ ಎಂದು. ಉಡಬಹುದು, ಆದರೆ ಅದಕ್ಕೆ ಬೇಕಾದ ಒಂದು ಕೆಲಸ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು.

ಸ್ಟೋಮಾ ಎಲ್ಲಿ ಬರಬೇಕೆಂದು ನರ್ಸ್ ಅಥವಾ ಸರ್ಜನ್ ಹೊಟ್ಟೆಯ ಮೇಲೆ ಮೊದಲೇ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಹಾಕದಿದ್ದರೆ ಸಂಕೋಚಪಡದೆ ಕೇಳಿ. ಬರೀ ಮಲಗಿಸಿ ಹಾಕಿದ ಗುರುತು ಸಾಲದು. ಕುಳಿತಾಗ, ನಿಂತಾಗ, ಬಗ್ಗಿದಾಗ ಮಡಿಕೆಯೊಳಗೆ ಅಡಗದ, ಹೆಂಡತಿಯ ಕಣ್ಣಿಗೆ ಕಾಣುವ, ಲಂಗದ ಲಾಡಿ ಬಿಗಿಯುವ ಗೆರೆಗೆ ಸಿಗದ ಜಾಗ ಅದಾಗಬೇಕು. ಆದುದರಿಂದ ಆ ದಿನ ಹೆಂಡತಿ ನಿತ್ಯದ ಸೀರೆಯನ್ನೇ ಉಟ್ಟು ಹೋಗಲಿ. ಈ ಶಸ್ತ್ರಚಿಕಿತ್ಸೆಯಿಂದ ಮೂತ್ರಕ್ಕೆ ಮತ್ತು ದಾಂಪತ್ಯ ಸಂಬಂಧಕ್ಕೆ ಬೇಕಾದ ನರಗಳಿಗೂ ಪೆಟ್ಟಾಗಬಹುದು. ಆ ಪ್ರಶ್ನೆಯನ್ನೂ ಇಬ್ಬರೂ ಜೊತೆಗೆ ಕುಳಿತಿರುವಾಗಲೇ ಡಾಕ್ಟರರಲ್ಲಿ ಕೇಳಿಬಿಡುವುದು ಒಳ್ಳೆಯದು, ಏಕೆಂದರೆ ಮನೆಗೆ ಬಂದ ಮೇಲೆ ಅದನ್ನು ಯಾರೂ ಎತ್ತುವುದಿಲ್ಲ.

ಮೊದಲ ಸಲ ನೋಡಿದಾಗ ಹೆದರಬಾರದು. ಆರೋಗ್ಯವಾಗಿರುವ ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಾಗಿ, ಒದ್ದೆಯಾಗಿರುತ್ತದೆ. ಅದಕ್ಕೆ ನೋವಿನ ನರಗಳಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿಪಡಬೇಕಾಗಿಲ್ಲ. ಮೊದಲ 6ರಿಂದ 8 ವಾರಗಳಲ್ಲಿ ಊತ ಇಳಿದು ಅದು ಸಣ್ಣದಾಗುವುದರಿಂದ ಅಷ್ಟು ಕಾಲ ಚೀಲ ಬದಲಿಸುವಾಗಲೆಲ್ಲ ಅಳತೆ ನೋಡಿ, ಚೀಲದ ಅಂಟುವ ಭಾಗದಲ್ಲಿ ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಬೇಕು. ಹೆಚ್ಚು ದೊಡ್ಡದಾದರೆ ಮಲ ತಾಗಿ ಚರ್ಮ ಸುಲಿಯುತ್ತದೆ, ಸಣ್ಣದಾದರೆ ಅಂಚು ಉಜ್ಜಿ ಗಾಯವಾಗುತ್ತದೆ.

ಬದಲಿಸಲು ಬೆಳಗ್ಗೆ ತಿಂಡಿಗೆ ಮೊದಲಿನ ಹೊತ್ತು ಅನುಕೂಲ, ಆಗ ಕರುಳು ಬಹುಮಟ್ಟಿಗೆ ಸುಮ್ಮನಿರುತ್ತದೆ. ಹೊಸ ಚೀಲ ಕತ್ತರಿಸಿಟ್ಟುಕೊಂಡೇ ಹಳೆಯದನ್ನು ಬಿಡಿಸಬೇಕು. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ, ಉಗುರುಬೆಚ್ಚಗಿನ ಬರೀ ನೀರಿನಲ್ಲಿ ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಪೂರ್ತಿ ಒಣಗಿಸಿ, ಹೊಸದನ್ನು ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಇಟ್ಟುಕೊಳ್ಳಬೇಕು. ಮೈಯ ಬಿಸಿಗೆ ಅಂಟು ಹಿಡಿಯುತ್ತದೆ. ಡೆಟ್ಟಾಲ್ ಬೇಡ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ನಮ್ಮಲ್ಲಿ ಯಾವ ತುರಿಕೆಗೂ ಮೊದಲು ಕೈ ಹೋಗುವುದು ಎಣ್ಣೆ ಕುಪ್ಪಿಗೆ. ಚರ್ಮ ಕೆಂಪಾಗಿದೆಯೆಂದು ನಾನು ಒಂದು ದಿನ ತೆಳುವಾಗಿ ಸವರಿದೆ, ಮಧ್ಯಾಹ್ನದೊಳಗೆ ಚೀಲ ಜಾರಿ ಹಾಸಿಗೆ, ಸೀರೆ ಎಲ್ಲವನ್ನೂ ಒಗೆಯಬೇಕಾಯಿತು. ಅವಳು ಒಂದು ಮಾತೂ ಆಡಲಿಲ್ಲ, ಅದೇ ಕಷ್ಟವಾಯಿತು.

ಖಾಲಿ ಮಾಡುವುದಕ್ಕೆ ಚೀಲ ತುಂಬುವವರೆಗೆ ಕಾಯಬಾರದು. ಮೂರನೆಯ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬುವಾಗಲೇ ಖಾಲಿ ಮಾಡದಿದ್ದರೆ ಭಾರಕ್ಕೆ ಅಂಟು ಬಿಡುತ್ತದೆ. ಬೇಸಗೆಯ ಬೆವರಿಗೆ ಅದು ಇನ್ನೂ ಬೇಗ ಬಿಡುವುದುಂಟು.

ನನ್ನ ದೊಡ್ಡ ತಪ್ಪು ಎಣ್ಣೆಯದ್ದಲ್ಲ. ಮೂರು ವಾರ ಎಲ್ಲವನ್ನೂ ನಾನೇ ಮಾಡಿದೆ, ಅವಳು ಗೋಡೆ ನೋಡುತ್ತ ಮಲಗಿರುತ್ತಿದ್ದಳು, ನಾನು ಅದನ್ನೇ ಸೇವೆಯೆಂದುಕೊಂಡಿದ್ದೆ. ಕೇರಳದಲ್ಲಿ ಪಂಚಾಯತ್ ಮೂಲಕ ಮನೆಗೇ ಬರುವ ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸ್ ಒಂದು ದಿನ ಕನ್ನಡಿಯೊಂದನ್ನು ತರಿಸಿ ಅವಳ ಕೈಗೆ ಕೊಟ್ಟು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ನನ್ನನ್ನು ಹೊರಗೆ ನಿಲ್ಲಲು ಹೇಳಿದರು. ಚಾವಡಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ಆ ದಿನ ಚೀಲ ಸ್ವಲ್ಪ ಸೊಟ್ಟಗೆ ಅಂಟಿತ್ತು, ಆದರೆ ಅಂಟಿಸಿದ್ದು ಅವಳು. ನೀವು ಎಲ್ಲವನ್ನೂ ಕಲಿತುಕೊಂಡಿರಿ, ಹೆಂಡತಿಗೆ ಜ್ವರ ಬಂದ ದಿನ ಅದು ಬೇಕಾಗುತ್ತದೆ. ಉಳಿದ ದಿನ ಕತ್ತರಿ, ಬಟ್ಟೆ, ನೀರು ಒದಗಿಸಿ ಕೈ ಹಿಂದೆ ಇಟ್ಟುಕೊಳ್ಳಿ.

ಗುದದ್ವಾರ ತೆಗೆದ ಜಾಗದ ಗಾಯ ಮಾಗಲು ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಮೆತ್ತನೆಯ ದಿಂಬಿನ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕೂರಬೇಕು. ಮಲಾಶಯವೇ ಇಲ್ಲದಿದ್ದರೂ ಹೋಗಬೇಕೆನ್ನಿಸುವುದುಂಟು, ಅದು ಭ್ರಮೆಯೆಂದು ನಗಬೇಡಿ. ಕೊಡಪಾನ ಎತ್ತಲು, ತೆಂಗಿನಕಾಯಿ ಗೋಣಿ ಎಳೆಯಲು ಬಿಡಬೇಡಿ, ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಆಗಬಹುದು. ಊಟಕ್ಕೆ ಕುಚ್ಚಲಕ್ಕಿ ಗಂಜಿಯಿಂದ ತೊಡಗಿ ಒಂದೊಂದನ್ನೇ ಸೇರಿಸುತ್ತ ಬಂದರೆ ಯಾವುದು ಒಗ್ಗುವುದಿಲ್ಲವೆಂದು ಗೊತ್ತಾಗುತ್ತದೆ. ಹಲಸಿನ ಬೀಜ, ಅಲಸಂಡೆ, ಕ್ಯಾಬೇಜು ಗಾಳಿ ತುಂಬಿಸುತ್ತವೆ. ಜೀವನಪೂರ್ತಿ ಪಥ್ಯ ಬೇಕೆಂದು ಹೇಳುವ ನೆಂಟರು ಬರುತ್ತಾರೆ; ಕಾಫಿ ಕೊಟ್ಟು ಕಳುಹಿಸಿ.

ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಹೊಟ್ಟೆನೋವು ವಾಂತಿಯೊಂದಿಗೆ ಚೀಲಕ್ಕೆ ಏನೂ ಬಾರದೆ ನಿಂತರೆ, ಒಳಗಿನಿಂದ ರಕ್ತ ಹರಿದರೆ, ಜ್ವರದ ಜೊತೆ ಗಾಯದಿಂದ ಕೀವು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಕನಿಷ್ಠ ಒಂದು ತಿಂಗಳಿಗೆ ಬೇಕಾದಷ್ಟು ಚೀಲಗಳು ಮನೆಯಲ್ಲಿರಲಿ. ನಮ್ಮವರಲ್ಲಿ ಹೆಚ್ಚಿನವರು ಮಂಗಳೂರನ್ನೇ ನಂಬಿರುವವರು, 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳ ಆಂಬುಲೆನ್ಸುಗಳೇ ದಾಟಲಾಗದೆ ನಿಂತದ್ದನ್ನು ಕಂಡವರು. ಚೀಲಗಳನ್ನು ಅಟ್ಟದಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬೇಡಿ, ಸೆಕೆಗೆ ಅಂಟು ಹಾಳಾಗುತ್ತದೆ.

ಹೊರಗೆ ಹೋಗುವಾಗ ಕತ್ತರಿಸಿಟ್ಟ ಒಂದು ಚೀಲ, ಒದ್ದೆ ಬಟ್ಟೆ, ಹಳೆಯದನ್ನು ಸುತ್ತಲು ಪೇಪರು ಅವಳ ಕೈಚೀಲದಲ್ಲಿರುತ್ತವೆ. ಉಪನಯನವೋ ಮದುವೆಯೋ, ಛತ್ರಕ್ಕೆ ಹೊಕ್ಕ ಕೂಡಲೇ ನಾನು ಹಿಂಬದಿಗೆ ಹೋಗಿ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ ಎಂದು ನೋಡಿ ಬಂದು, ಅವಳಿಗೆ ಮೇಜಿನ ಊಟಕ್ಕೆ ಜಾಗ ಹಿಡಿಯುತ್ತೇನೆ.