ಕಕ್ಕಡದ ಮಳೆಯಲ್ಲಿ ಒಂಟಿ ಸೈಕಲ್ಲು, ಬೇಕರಿ ಗೋಡೆಗೆ ಒದ್ದೆ ಬಟ್ಟೆ

ಮಳೆಗಾಲದಲ್ಲಿ ಕೊಡಗನ್ನು ಸೈಕಲ್ಲಿನಲ್ಲಿ ಸುತ್ತುವುದು ಆಗದ ಮಾತು ಎಂದು ನಮ್ಮ ಕುಶಾಲನಗರದ ಸವಾರರೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದರು. ಸುತ್ತಿ ಬಂದಿದ್ದೇನೆ. ಅದೂ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ತಿಂಗಳು) ನಡುಮಳೆಯಲ್ಲಿ, ಒಬ್ಬನೇ, ಎರಡು ವಾರಕ್ಕೂ ಮೀರಿ. ನೆಗಡಿ ಕೂಡ ಆಗಲಿಲ್ಲ. ಹೇಗೆ ಎಂದು ಕೇಳಿದವರಿಗೆಲ್ಲ ಚಹಾದಂಗಡಿಯ ಮುಂದೆ ನಿಂತು ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ. ಪಂಕ್ಚರ್ ಹಾಕುವುದು, ಗೇರ್ ಹೊಂದಿಸುವುದು ನಿಮಗೆಲ್ಲ ಗೊತ್ತಿರುವ ವಿದ್ಯೆ. ಅದರ ತಂಟೆಗೆ ಹೋಗುವುದಿಲ್ಲ.

ಮಳೆಗಾಲವೇ ಏಕೆ ಎಂದರೆ ನನಗೆ ಬೇರೆ ಕಾಲವಿಲ್ಲ. ತೋಟದಿಂದ ಬಂದ ಕಾಫಿಯ ಹೊಟ್ಟು ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್‌ನಲ್ಲಿ ಕೆಲಸ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಹಿಂದೆಯೇ ರೋಬಸ್ಟಾ. ಮೂಟೆಗಳು ಬರತೊಡಗಿದರೆ ಬೇಸಿಗೆ ಮುಗಿಯುವ ತನಕ ತಲೆ ಎತ್ತಲು ಪುರಸೊತ್ತಿಲ್ಲ. ಕೈ ಖಾಲಿಯಾಗುವುದು ಜುಲೈ ಕೊನೆಗೆ. ಹಾಗಾಗಿ ಹೊರಟರೆ ಮಳೆಯಲ್ಲಿ, ಇಲ್ಲವಾದರೆ ಇಲ್ಲ.

ಹಿಂದಿನ ವರ್ಷಗಳಲ್ಲಿ ಹೊರಟು ಅರ್ಧಕ್ಕೇ ಬಸ್ ಹತ್ತಿ ಮನೆಗೆ ಬಂದಿದ್ದೂ ಉಂಟು. ಮೈಸೂರಿನಿಂದ ಆರು ಸಾವಿರ ಚಿಲ್ಲರೆ ಕೊಟ್ಟು ತಂದ ಗುಡಾರ ಚೆರಂಬಾಣೆಯ ಆಚೆ ಒಂದೇ ರಾತ್ರಿಯಲ್ಲಿ ಸೋತಿತು. ಮೇಲಿನಿಂದ ಒಂದು ಹನಿ ಸೋರಲಿಲ್ಲ, ಅದನ್ನು ಒಪ್ಪಬೇಕು. ನೀರು ಬಂದದ್ದು ನೆಲದಿಂದ. ಅದನ್ನು ಅರ್ಧ ಬೆಲೆಗೆ ಮಾರಿದೆ. ಜಲನಿರೋಧಕ ಎಂದು ಬರೆದಿದ್ದ ಪಕ್ಕಚೀಲಗಳು ನಿಜಕ್ಕೂ ಜಲನಿರೋಧಕ. ಒಳಗೆ ಹೋದ ತೇವವನ್ನು ಹೊರಗೆ ಬಿಡಲಿಲ್ಲ. ಮೂರನೆಯ ದಿನಕ್ಕೆ ಬನಿಯನ್ನಿನ ಮೇಲೆ ಬೂಷ್ಟು. ತೊಡೆಸಂದಿ ಉಜ್ಜಿ ಹುಣ್ಣಾಗಿ, ಕಾಲಿನಲ್ಲಿ ಶಕ್ತಿಯಿದ್ದರೂ ಸೀಟಿನ ಮೇಲೆ ಕೂರಲಾಗದೆ ವಾಪಸು.

ಆಗ ಹೊಳೆದದ್ದು ಇಷ್ಟೆ: ಮಳೆಯಲ್ಲಿ ನೆನೆಯುವುದು ತೊಂದರೆಯೇ ಅಲ್ಲ. ಒಣಗದಿರುವುದು ತೊಂದರೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು ಎಂದು ಮನೆಯವಳು ಈಗಲೂ ನಗುತ್ತಾಳೆ. ಹೊಟ್ಟೆಪಾಡಿಗೆ ಮಾಡುವ ಕೆಲಸವೇ ಅದು. ಪಾರ್ಚ್‌ಮೆಂಟಿನಲ್ಲಿ (ಹಣ್ಣಿನ ಸಿಪ್ಪೆ ತೆಗೆದ, ತೆಳುಹೊಟ್ಟು ಇನ್ನೂ ಇರುವ ಕಾಫಿ ಬೀಜ) ತೇವಾಂಶ ಶೇಕಡಾ 10ಕ್ಕೆ ಇಳಿಯುವ ತನಕ ಮೂಟೆ ಕಟ್ಟಬೇಡಿ ಎಂದು ಬೆಳೆಗಾರರಿಗೆ ದಿನವೂ ಹೇಳುವವನು ನಾನು. ಹಾಗಾದರೆ ದಿನದ ಅರ್ಧ ಸವಾರಿಗೆ, ಅರ್ಧ ಒಣಗುವುದಕ್ಕೆ. ಬೆಳಗ್ಗೆ ಏಳಕ್ಕೆ ಹೊರಡು, ಹನ್ನೆರಡಕ್ಕೆ ಎಲ್ಲಿದ್ದೀಯೋ ಅಲ್ಲಿ ನಿಲ್ಲು. ಮೂವತ್ತು, ಬಹಳವೆಂದರೆ ನಲವತ್ತು ಕಿಲೋಮೀಟರ್. ‘ಇಷ್ಟಕ್ಕೆ ಪ್ರವಾಸ ಎನ್ನುತ್ತಾರಾ?’ ಎಂದು ಸ್ನೇಹಿತರೊಬ್ಬರು ಹಂಗಿಸಿದರು. ಅವರು ಒಂದು ದಿನಕ್ಕೆ ನೂರು ಕಿಲೋಮೀಟರ್ ತುಳಿಯುವವರು. ಜೂನ್ ಬಂತೆಂದರೆ ಅವರ ಸೈಕಲ್ಲು ಮಾಡಿನ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ.

ಒಣಗಿಸುವುದು ಎಲ್ಲಿ? ಕಕ್ಕಡದಲ್ಲಿ ಲಾಡ್ಜಿನ ಫ್ಯಾನಿನ ಕೆಳಗೆ ಹರವಿದ ಪ್ಯಾಂಟು ಬೆಳಗ್ಗೆಗೆ ಹಿಂದಿನ ಸಂಜೆಗಿಂತ ತೇವವಾಗಿರುತ್ತದೆ. ಕರೆಂಟು ಇದ್ದರೆ ತಾನೆ ಫ್ಯಾನು! ನಾನು ಹಿಡಿದ ದಾರಿ ಬೇಕರಿ. ಕೊಡಗಿನ ಯಾವ ಪೇಟೆಗೆ ಹೋದರೂ ಬೇಕರಿ ಉಂಟು, ಕೆಲವದರಲ್ಲಿ ಈಗಲೂ ಸೌದೆಯ ಭಟ್ಟಿ. ಆ ಭಟ್ಟಿಯ ಹಿಂಗೋಡೆ ಹೊರಗಿನಿಂದ ಮುಟ್ಟಿದರೆ ರಾತ್ರಿಯಿಡೀ ಬೆಚ್ಚಗಿರುತ್ತದೆ. ಬನ್ನು, ಬ್ರೆಡ್ಡು ಬೆಂದು ಮುಗಿದ ಮೇಲೂ ಇಟ್ಟಿಗೆ ಕಾವು ಬಿಡುವುದಿಲ್ಲ. ಗೋಡೆಗೂ ಹಗ್ಗಕ್ಕೂ ಒಂದು ಗೇಣು ಅಂತರ ಬಿಟ್ಟು ಬಟ್ಟೆ ಹಾಕಿದರೆ ನಾಲ್ಕು ಗಂಟೆಯಲ್ಲಿ ಗರಿಗರಿ. ಅಂಟಿಸಿ ಹಾಕಿದರೆ ಹೊರಗಿನ ಪದರ ಒಣಗಿ ಒಳಗೆ ತೇವ ಉಳಿಯುತ್ತದೆ. ಒಬ್ಬರು ಐವತ್ತು ರೂಪಾಯಿ ತೆಗೆದುಕೊಂಡರು, ಉಳಿದವರು ಎರಡು ದಿಲ್‌ಪಸಂದ್ ಕೊಂಡರೆ ಸಾಕು ಎಂದರು. ನನ್ನ ಹಾದಿಯ ನಕ್ಷೆಯೆಲ್ಲ ಈ ಭಟ್ಟಿಗಳಿಂದ ಭಟ್ಟಿಗಳಿಗೆ. ಜಲಪಾತ, ವ್ಯೂ ಪಾಯಿಂಟ್ ನೋಡಿ ಊರು ಆರಿಸಿದವನಲ್ಲ. ಯಾವ ಪೇಟೆಯ ಯಾವ ಬೇಕರಿ ಎಂಬ ಪಟ್ಟಿಯನ್ನು ಮಾತ್ರ ಕೇಳಬೇಡಿ. ನಾಳೆ ಹತ್ತು ಜನ ಹೋಗಿ ಹಗ್ಗ ಕಟ್ಟಿದರೆ ನನ್ನ ಜಾಗವೂ ಹೋಗುತ್ತದೆ.

ಬೂಟಿನ ವಿಚಾರದಲ್ಲಿ ಮಾತ್ರ ಬೇಕರಿ ಕೈಕೊಟ್ಟಿತು. ಒಂದು ಜೋಡಿಯ ಸೋಲ್ ಕಾವಿಗೆ ಬಿರಿದು ಬಾಯಿ ತೆರೆಯಿತು. ಹೊರಡುವ ಮೊದಲೇ ಮನೆಯಲ್ಲಿ ಒಂದು ಪ್ರಯೋಗ ಮಾಡಿದ್ದೆ: ಒಂದು ಬೂಟಿಗೆ ಹಳೆಯ ಪತ್ರಿಕೆ ತುರುಕಿ, ಇನ್ನೊಂದಕ್ಕೆ ಕಾಲುಚೀಲದಲ್ಲಿ ಕಟ್ಟಿದ ಕಾಫಿ ಹೊಟ್ಟು ಇಟ್ಟು, ರಾತ್ರಿ ಕಳೆದು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಹೊಟ್ಟು ಹೆಚ್ಚು ಕಡಿಮೆ ಒಂದೂವರೆ ಪಟ್ಟು ನೀರು ಎಳೆದಿತ್ತು. ಪಾರ್ಚ್‌ಮೆಂಟಿನ ತೆಳುಹೊಟ್ಟೇ ಆಗಬೇಕು, ಇಡೀ ಹಣ್ಣಾಗಿ ಒಣಗಿಸಿದ ಚೆರಿಯ ದಪ್ಪ ಸಿಪ್ಪೆ ಹುಳಿವಾಸನೆ ಬಿಡುತ್ತದೆ. ಬೂಟು ಬೇಡ ಎನಿಸಿದ ದಿನ ರಬ್ಬರ್ ಸ್ಯಾಂಡಲ್. ಜಿಗಣೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ ಎಂಬುದೇ ಅದರ ದೊಡ್ಡ ಗುಣ. ಉಪ್ಪಿನ ಗಂಟು ಮಳೆಯಲ್ಲಿ ಕರಗಿ ಕಾಲು ಗಂಟೆಯಲ್ಲಿ ಖಾಲಿ. ಹೊಗೆಸೊಪ್ಪಿನ ನೀರು, ಸುಣ್ಣ, ಜೊತೆಗೆ ಇನ್ನೊಂದು ವಸ್ತು ಸೇರಿಸಿ ಕಣಕಾಲಿಗೆ ಹಚ್ಚುತ್ತಿದ್ದೆ. ಆ ಇನ್ನೊಂದು ಯಾವುದು ಎಂಬುದು ನನ್ನಲ್ಲೇ ಇರಲಿ.

ರೇನ್‌ಕೋಟು ಹಾಕಿ ಏರು ತುಳಿದರೆ ಒಳಗೇ ಬೆವರಿನ ಮಳೆ. ತಲೆಯಿಂದ ಬೆನ್ನಿಗೆ ಇಳಿಬಿಡುವ, ಗದ್ದೆಯವರ ಪ್ಲಾಸ್ಟಿಕ್ ಕೊಪ್ಪೆಯೇ ವಾಸಿ, ಗಾಳಿಯಾಡುತ್ತದೆ. ಆದರೆ ಇಳಿಜಾರಿನಲ್ಲಿ ಅದು ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆಯುತ್ತಿತ್ತು. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸೊಂಟಕ್ಕೊಂದು, ಎದೆಗೊಂದು ಕಟ್ಟಿದ ಮೇಲೆ ಸರಿಹೋಯಿತು. ಖರ್ಚು ನಲವತ್ತು ರೂಪಾಯಿ ಇರಬೇಕು.

ಸೈಕಲ್ಲು ಉಕ್ಕಿನ ಚೌಕಟ್ಟಿನದು, ಒಂಬತ್ತು ಸಾವಿರಕ್ಕೆ ಸಿಕ್ಕ ಹಳೆಯದು. ನಿಧಾನವಾದರೂ ಏರಿನಲ್ಲಿ ಹಗುರವಾಗಿ ತುಳಿಯಲೆಂದು ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಫ್ರೀವೀಲ್ ಹಾಕಿಸಿದೆ. ಮೆಕ್ಯಾನಿಕ್ ‘ಇದರಲ್ಲಿ ನಡೆದುಕೊಂಡು ಹೋಗುವವರೇ ನಿಮ್ಮನ್ನು ಹಿಂದೆ ಹಾಕುತ್ತಾರೆ’ ಎಂದ. ಹಾಕಲಿ ಬಿಡಿ. ಸುಂಟಿಕೊಪ್ಪದಿಂದ ಮಡಿಕೇರಿಗೆ ಏರುವಾಗ ನನ್ನ ಮಂಡಿ ನೋಯಲಿಲ್ಲ. ದುಡ್ಡು ತಿಂದದ್ದು ಬ್ರೇಕು. ಹಿಂದಿನ ಒಂದು ಸಲ ರಾಳದಿಂದ ಮಾಡಿದ ಮೆದುವಾದ ಹೊಸ ರೆಸಿನ್ ಬ್ರೇಕ್ ಪ್ಯಾಡ್ ಹಾಕಿಕೊಂಡು ತಲಕಾವೇರಿಯಿಂದ ಭಾಗಮಂಡಲಕ್ಕೆ ಇಳಿದಿದ್ದೆ. ಎಂಟೇ ಕಿಲೋಮೀಟರ್. ಮಳೆನೀರಿನೊಂದಿಗೆ ಬಂದ ಮರಳು ಪ್ಯಾಡನ್ನು ಉಜ್ಜಿ ಉಜ್ಜಿ, ಕೊನೆಯ ತಿರುವಿಗೆ ಬರುವಾಗ ಕಬ್ಬಿಣಕ್ಕೆ ಕಬ್ಬಿಣ ಕಿರುಚುತ್ತಿತ್ತು. ಈ ಸಲ ಲೋಹಮಿಶ್ರಿತ ಪ್ಯಾಡ್. ಜೋಡಿಗೆ ಮುನ್ನೂರೈವತ್ತೋ ನಾನೂರೋ ರೂಪಾಯಿ. ಎರಡು ಜೋಡಿಯಲ್ಲಿ ಇಡೀ ಸುತ್ತು ಮುಗಿಯಿತು. ಸರಪಳಿಗೆ ಮೇಣದಬತ್ತಿ ಕರಗಿಸಿ ಹಚ್ಚುವ ಪ್ರಯೋಗವನ್ನೂ ಮಾಡಿದೆ. ಬೇಸಿಗೆಯಲ್ಲಿ ಚಂದ, ಕಕ್ಕಡದಲ್ಲಿ ಮರುದಿನಕ್ಕೇ ತುಕ್ಕು. ದಪ್ಪ ಎಣ್ಣೆಯೇ ಗತಿ.

ಇನ್ನು ಏಳುಬೀಳಿನ ಮಾತು. ಎಲ್ಲಕ್ಕಿಂತ ಕೆಟ್ಟದ್ದು ಭಾಗಮಂಡಲ. ಅಲ್ಲಿ ನನಗೆ ಭಟ್ಟಿ ಸಿಗಲಿಲ್ಲ. ಕಾವೇರಿ, ಕನ್ನಿಕೆ ಎರಡೂ ಕೆಂಪಗೆ ತುಂಬಿ ಸಂಗಮದ ಸುತ್ತ ಎಲ್ಲ ನೀರು. ಮೇಲ್ಸೇತುವೆ ಆದ ಮೇಲೆ ಊರಿಗೆ ದಾರಿ ಕಡಿಯುವುದಿಲ್ಲ ಎಂಬುದೇ ಸಮಾಧಾನ. ಕರೆಂಟಿಲ್ಲ, ಮೊಬೈಲು ಸತ್ತಿದೆ, ಸುರಿದ ಮಳೆಗೆ ಶೀಟಿನ ಮೇಲಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಹಾಸಿಗೆಯ ಚಾದರ ಕೈಗೆ ಅಂಟುತ್ತಿತ್ತು. ದಿನಕ್ಕೆ ಮೂರು ಸಲ ಹೋಟೆಲಿಗೆ ಹೋಗಿ ‘ಒಂದು ಚಹಾ’ ಎನ್ನುವುದೇ ನನ್ನ ಒಟ್ಟು ಮಾತು. ಜೊತೆಗೊಬ್ಬನಿದ್ದರೆ ಅವನನ್ನು ಬೈದಾದರೂ ಹೊತ್ತು ಹೋಗುತ್ತಿತ್ತು. ಮಡಿಕೇರಿಯ ಬಸ್ಸಿನ ಮೇಲೆ ಸೈಕಲ್ಲು ಹಾಕಲು ಎಷ್ಟು ಎಂದು ಕಂಡಕ್ಟರನ್ನು ಕೇಳಿಯೂ ಆಗಿತ್ತು. ನೂರು ಎಂದ.

ಹೋಟೆಲಿನ ಅಮ್ಮ ನನ್ನ ಚೀಲದ ವಾಸನೆ ತಡೆಯಲಾರದೆ ಇರಬೇಕು, ‘ಬಟ್ಟೆ ಎಲ್ಲ ಇಲ್ಲಿ ಕೊಡಿ’ ಎಂದು ಇಸಿದುಕೊಂಡರು. ಮಣ್ಣಿನ ಬಾಣಲೆಗೆ ಒಲೆಯ ಕೆಂಡ ತೋಡಿ, ಮೇಲೆ ಬೂದಿ ಉದುರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿದರು. ಬುಟ್ಟಿಯ ಬೆನ್ನಿನ ಮೇಲೆ ನನ್ನ ಬನಿಯನ್ನು. ‘ಕೂಸಿನ ಬಟ್ಟೆ ನಾವು ಹೀಗೇ ಒಣಗಿಸುವುದು. ಬೂದಿ ಮುಚ್ಚದಿದ್ದರೆ ಸುಟ್ಟು ತೂತು ಬೀಳುತ್ತದೆ.’ ಕ್ಯೂರಿಂಗ್‌ನಲ್ಲಿ ಇಷ್ಟು ವರ್ಷ ಕಳೆದವನಿಗೆ ಈ ಪಾಠ ಸಿಕ್ಕಿದ್ದು ಅಲ್ಲಿ. ಬೇಕರಿ ಇಲ್ಲದ ಊರಿಗೂ ಮದ್ದು ಸಿಕ್ಕಿತು. ಬಸ್ಸಿನ ವಿಚಾರ ಬಿಟ್ಟೆ.

ಅಲ್ಲಿಂದ ಅಯ್ಯಂಗೇರಿಯ ಮೇಲೆ ನಾಪೋಕ್ಲಿಗೆ ಇಳಿದದ್ದು ನನ್ನ ಇಡೀ ಸುತ್ತಿನ ಅತ್ಯುತ್ತಮ ಬೆಳಗು. ಮಳೆ ಒಂದು ಗಂಟೆ ಬಿಟ್ಟಿತ್ತು. ಗದ್ದೆಗಳಲ್ಲಿ ನಾಟಿ, ರಸ್ತೆ ಬದಿಯಲ್ಲೇ ಸಸಿಯ ಕಟ್ಟುಗಳು. ಮಳೆ ಮತ್ತೆ ಹಿಡಿದಾಗ ಒಂದು ಮನೆಯ ಜಗಲಿಗೆ ನುಗ್ಗಿದೆ. ಅಂದು ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3. ಮದ್ದುಸೊಪ್ಪು ಎಂಬ ಔಷಧಿ ಸೊಪ್ಪಿನ ಪಾಯಸ ಮಾಡುವ ದಿನ. ಸೊಪ್ಪು ಬೆಂದ ನೀರು ನೇರಳೆಗಪ್ಪು, ಅದರಲ್ಲೇ ಅಕ್ಕಿ, ಬೆಲ್ಲ, ತೆಂಗಿನಕಾಯಿ. ಮೇಲೆ ತುಪ್ಪ ಸುರಿದು ಕೊಟ್ಟರು. ಎರಡು ಬಟ್ಟಲು ಇಳಿಸಿದೆ. ಹೊರಗಿನಿಂದ ಬರುವ ಸವಾರರಿಗೆ ಒಂದು ಮಾತು: ಮರುದಿನ ಮೂತ್ರ ಕೆಂಪಗೆ ಹೋದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ. ಆ ಮನೆಯ ಹಿರಿಯರು ನನ್ನ ಕೊಪ್ಪೆಯ ಟ್ಯೂಬ್ ಪಟ್ಟಿಯನ್ನು ಎಳೆದು ನೋಡಿ, ನಾಟಿಯವರಿಗೂ ಇದು ಆದೀತು ಎಂದರು. ಈ ಮಾತನ್ನು ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದ್ದೇನೆ.

ಒಂಟಿಯಾಗಿ ಹೋದರೆ ಎಲ್ಲ ಕಡೆಯೂ ಮೊದಲ ಪ್ರಶ್ನೆ ‘ಒಬ್ಬರೇನಾ?’. ಕೇಳಿ ಕೇಳಿ ರೋಸಿ, ಕಕ್ಕಬೆಯಲ್ಲಿ ‘ಹಿಂದೆ ಇನ್ನಿಬ್ಬರು ಬರುತ್ತಿದ್ದಾರೆ’ ಎಂದು ಸುಳ್ಳು ಹೇಳಿದೆ. ಪುಣ್ಯಾತ್ಮರು ಆ ಇಬ್ಬರಿಗೂ ಅಕ್ಕಿರೊಟ್ಟಿ ತಟ್ಟಿಟ್ಟರು, ಮೂವರ ಪಾಲಿನ ದುಡ್ಡು ಕೊಟ್ಟೆ. ಎಲ್ಲವನ್ನೂ ತಿಂದೆ ಎಂಬುದು ಬೇರೆ ಮಾತು. ನಾಲ್ಕುನಾಡು ಅರಮನೆಯ ಮುಂದೆ ಸೈಕಲ್ಲು ಒರಗಿಸಿ ಒಂದು ಚಿತ್ರ ತೆಗೆದೆ. ತಡಿಯಂಡಮೋಳ್ ಅದರ ಹಿಂದೆಯೇ ಇದೆ ಎನ್ನುತ್ತಾರೆ, ಮಂಜಿನಲ್ಲಿ ನನಗೆ ಅಂಗಳದ ಆಚೆ ಏನೂ ಕಾಣಲಿಲ್ಲ.

ವಿರಾಜಪೇಟೆ, ಗೋಣಿಕೊಪ್ಪ, ಶ್ರೀಮಂಗಲ, ಕುಟ್ಟ ಸಲೀಸು. ಸಿದ್ದಾಪುರದ ಕಡೆ ಮಾತ್ರ ಸೈಕಲ್ಲು ಬಸ್ಸಿನ ಮೇಲೆ, ನಾನು ಒಳಗೆ. ಇದನ್ನು ಮೋಸ ಎನ್ನುವವರು ಮಾಲ್ದಾರೆ, ತಿತಿಮತಿ ಭಾಗದ ತೋಟದ ಕಾರ್ಮಿಕರನ್ನು ಕೇಳಿ ನೋಡಲಿ. ಹಲಸು ಇರುವ ತನಕ ಆನೆ ತೋಟ ಬಿಟ್ಟು ಕದಲುವುದಿಲ್ಲ. ಮಳೆಯ ಸದ್ದಿನಲ್ಲಿ ನಿಮಗೆ ಅದರ ಸುಳಿವು ಸಿಗದು, ಬೆಲ್ ಇಲ್ಲದ ಸೈಕಲ್ಲಿನ ಸುಳಿವು ಅದಕ್ಕೂ ಸಿಗದು.

ಕೊನೆಯ ಭಾಗ ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆಯ ಮೇಲೆ ಸೋಮವಾರಪೇಟೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಸೀಮೆ. ಅಲ್ಲಿ ಎಷ್ಟೇ ದಣಿದರೂ ಕಡಿದ ಬರೆಯ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣುಗೋಡೆಯ, ಕೆಳಗೆ ನಿಲ್ಲಲಿಲ್ಲ. ಬರೆಯ ಬುಡದಲ್ಲಿ ಹೊಸದಾಗಿ ಕೆಸರುನೀರು ಉಕ್ಕುತ್ತಿದ್ದರೆ ಬಂದ ದಾರಿಯಲ್ಲೇ ಹಿಂತಿರುಗುವುದು ಎಂದು ಹೊರಡುವಾಗಲೇ ಗೊತ್ತು ಮಾಡಿಕೊಂಡಿದ್ದೆ. ಒಂದು ಕಡೆ ಹಾಗೆ ತಿರುಗಿಯೂ ಬಂದೆ. ಅರ್ಧ ದಿನ ಹೋಯಿತು.

ಲೆಕ್ಕ, ನೆನಪಿದ್ದಷ್ಟು: ಲಾಡ್ಜು ರಾತ್ರಿಗೆ ಐನೂರರಿಂದ ಏಳುನೂರು. ಮಡಿಕೇರಿಯಲ್ಲಿ ಶನಿವಾರ ತಂಗಬೇಡಿ, ಅದೇ ಕೋಣೆಗೆ ಎರಡು ಪಟ್ಟು ಕೇಳುತ್ತಾರೆ. ಊಟ ತಿಂಡಿ ದಿನಕ್ಕೆ ಮುನ್ನೂರರ ಒಳಗೆ. ಎಲ್ಲ ಸೇರಿ ಹದಿನಾರು ಸಾವಿರದ ಆಸುಪಾಸು, ಬ್ರೇಕು, ಎಣ್ಣೆ, ಭಟ್ಟಿಯ ದಿಲ್‌ಪಸಂದ್ ಎಲ್ಲವೂ ಅದರಲ್ಲೇ. ಹೋಂಸ್ಟೇಯಲ್ಲಿ ಇದು ಐದಾರು ದಿನಕ್ಕೆ ಮುಗಿಯುತ್ತಿತ್ತು. ಮನೆಗೆ ಬಂದು ಬಿಚ್ಚಿದಾಗ ಪೆಡಲ್ ಅಚ್ಚಿನ ಬೇರಿಂಗಿನಲ್ಲಿ ಗ್ರೀಸಿನ ಬದಲು ಕೆಂಪು ಕೆಸರು. ಅದಕ್ಕೆ ಎಂಟುನೂರು ಬೇರೆ. ಅಲ್ಲಿಗೆ ನೀರು ಹೋಗದಂತೆ ತಡೆಯುವುದು ಹೇಗೆ ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಬದಲಿಗೆ ಒಂದು ಬೇಕರಿಯ ಹೆಸರು ಕೊಡುತ್ತೇನೆ.