ನಮ್ಮ ದೀಪದ ನಕಲನ್ನು ಬಂದರಿನಲ್ಲೇ ತಡೆಸಿದ್ದು ಹೀಗೆ

ದಾವಣಗೆರೆಯಲ್ಲಿ ನಮ್ಮದು ಪ್ಲಾಸ್ಟಿಕ್ ಮೋಲ್ಡಿಂಗ್‌ನ ಸಣ್ಣ ಘಟಕ. ದೇವರ ಮನೆಗೆ ಇಡುವ ಎಲ್‌ಇಡಿ ದೀಪ ಮಾಡುತ್ತೇವೆ. ಕಮಲದ ಪೀಠ, ಅದರಲ್ಲಿ ಒಂದು ಬಿಟ್ಟು ಒಂದು ಎಸಳು ಹೊರಗೆ ಬಾಗಿರುತ್ತದೆ. ಒಂದಿನ ಮಂಡಿಪೇಟೆಯ ಅಂಗಡಿಯವರೊಬ್ಬರು, "ಅಣ್ಣಾ, ನಿಮ್ ಮಾಲೇ ಅರ್ಧ ರೇಟಿಗೆ ಬರ್ತಿದೆಯಲ್ಲ" ಎಂದು ದೀಪವೊಂದನ್ನು ಕೈಗಿಟ್ಟರು. ತಿರುಗಿಸಿ ನೋಡಿದೆ. ನಮ್ಮ ಅಚ್ಚಿನಿಂದಾಗಿ ಒಂದು ಎಸಳಿನ ಅಡಿ ಸಣ್ಣ ಗೀರು ಬೀಳುತ್ತದೆ. ಆ ಗೀರೂ ಅದರಲ್ಲಿತ್ತು! ಹೆಸರು ಮಾತ್ರ ಬೇರೆ. ಹೊರದೇಶದಿಂದ ತರಿಸಿದ ಮಾಲು.

ಕದ್ದದ್ದು ನಮ್ಮ ಹೆಸರನ್ನಾಗಿದ್ದರೆ ಕೆಲಸ ಸಲೀಸಿತ್ತು. ಟ್ರೇಡ್‌ಮಾರ್ಕ್ ನಕಲನ್ನು ಕಸ್ಟಮ್ಸ್‌ನವರೇ ನೋಡಿ ಗುರುತಿಸುತ್ತಾರೆ. ನಕಲು ಮಾಲನ್ನು ಬಂದರಿನಲ್ಲೇ ತಡೆಯುವ 2007ರ ಆಮದು ನಿಯಮಗಳಲ್ಲಿ ಡಿಸೈನ್, ಅಂದರೆ ವಸ್ತುವಿನ ನೋಂದಾಯಿತ ಆಕಾರ ಕೂಡ ಇದೆ. ಆದರೆ ಅದೇ ವರ್ಷದ ಸುತ್ತೋಲೆ ಅಧಿಕಾರಿಗಳಿಗೆ ಎಚ್ಚರಿಕೆ ಹೇಳುತ್ತದೆ: ಡಿಸೈನ್ ವಿಷಯದಲ್ಲಿ ಕೋರ್ಟ್ ತೀರ್ಪು ಇಲ್ಲದಿದ್ದರೆ ತುಂಬಾ ಹುಷಾರಾಗಿರಿ. ಅಂದರೆ ಬರೀ ಡಿಸೈನ್ ನೋಂದಣಿಯ ಸರ್ಟಿಫಿಕೇಟ್ ಹಿಡಿದು ಬಂದರಿಗೆ ಹೋದರೆ ಸಾಲದು. ಮೊದಲು ಕೋರ್ಟಿಗೇ ಹೋಗಬೇಕು.

ನಮ್ಮ ಕೈ ಗಟ್ಟಿಯಾಗಿದ್ದದ್ದು ಒಂದೇ ಕಾರಣಕ್ಕೆ. ದೀಪ ಅಂಗಡಿಗೆ ಹೋಗುವ ಮೊದಲೇ 2000ದ ಡಿಸೈನ್ಸ್ ಕಾಯ್ದೆಯಡಿ ಅರ್ಜಿ ಹಾಕಿದ್ದೆವು. ಮೊದಲು ಮಾರಿ ಆಮೇಲೆ ನೋಂದಾಯಿಸಿದರೆ, ಎದುರಾಳಿ "ಇದು ಹಳೇ ಡಿಸೈನ್" ಎಂದು ರದ್ದು ಮಾಡಿಸಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಮಾರಾಟಕ್ಕೆಂದು ನಕಲು ಆಮದು ಮಾಡಿಕೊಳ್ಳುವುದೂ ಆ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ತಪ್ಪೇ. ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಹಾಕಲು ಬರುವುದಿಲ್ಲ.

ತೀರ್ಪು ನಮ್ಮ ಕಡೆ ಆಯ್ತು. ಆಮೇಲೆ ಕಸ್ಟಮ್ಸ್‌ಗೆ ಆನ್‌ಲೈನಲ್ಲಿ ನೋಟಿಸ್ ಕೊಟ್ಟು ನೋಂದಣಿ ಮಾಡಿಸಿದೆವು. ಪರಿಶೀಲನೆ ಮಾಡುವವರ ಮುಂದೆ ರಾಶಿ ಪೆಟ್ಟಿಗೆ ಇರುತ್ತವೆ, ನಮ್ಮ ತೀರ್ಪಿನ ಅಷ್ಟೂ ಪುಟ ಓದುತ್ತಾ ಕೂರಲು ಅವರಿಗೆ ಪುರುಸೊತ್ತು ಎಲ್ಲಿ ಬರಬೇಕು? ಹಾಗಾಗಿ ಒಂದೇ ಹಾಳೆ ಮಾಡಿಕೊಟ್ಟೆ. ಎಡಕ್ಕೆ ನಮ್ಮ ದೀಪ, ಬಲಕ್ಕೆ ನಕಲು, ಎಸಳು ಬಾಗಿದ ಕಡೆ ಕೆಂಪು ಗುರುತು. ಕೆಳಗೆ ತರಿಸಿಕೊಳ್ಳುವವರ ಹೆಸರು, ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ದೀಪಗಳ ಶೀರ್ಷಿಕೆ ಸಂಖ್ಯೆ 9405. ಗೀರಿನ ವಿಷಯ ಬರೆಯಲಿಲ್ಲ. ಅದು ನಕಲು ಅನ್ನೋದಕ್ಕೆ ಸಾಕ್ಷಿ ಅಷ್ಟೇ, ನೋಂದಣಿ ಇರುವುದು ಆಕಾರಕ್ಕೆ.

ಮಾಲು ತಡೆದ ಫೋನ್ ಬಂದ ಮೇಲೆ ಓಡಾಟ ಜಾಸ್ತಿ. 3 ದಿನದೊಳಗೆ ನಾವು ಕಸ್ಟಮ್ಸ್‌ಗೆ ಬಾಂಡ್, ಅಂದರೆ ಹೊಣೆ ಹೊರುವ ಮುಚ್ಚಳಿಕೆ ಕೊಡಬೇಕು. ಸರಕಿನ ಬೆಲೆಯ 110% ಬಾಂಡ್, ಅದರ 25% ಭದ್ರತೆ. 10 ಕೆಲಸದ ದಿನದೊಳಗೆ ಕಸ್ಟಮ್ಸ್ ವಿಚಾರಣೆಗೆ ಸೇರಿಕೊಳ್ಳದಿದ್ದರೆ ಮಾಲು ಬಿಟ್ಟುಬಿಡುತ್ತಾರೆ. ದುಡ್ಡು, ವಕಾಲತ್ತು ಎರಡನ್ನೂ ಮೊದಲೇ ಹೊಂದಿಸಿಟ್ಟಿದ್ದಕ್ಕೆ ಬಚಾವಾದೆವು.

ಇನ್ನೊಂದು ಖರ್ಚನ್ನು ಯಾರೂ ಮುಂಚೆ ಹೇಳುವುದಿಲ್ಲ. ನಕಲನ್ನು ನಾಶ ಮಾಡುವ ವೆಚ್ಚ, ಅಲ್ಲಿವರೆಗಿನ ಡೆಮರೇಜ್ (ಮಾಲು ಬಂದರಿನಲ್ಲೇ ಉಳಿದದ್ದಕ್ಕೆ ಕಟ್ಟುವ ಶುಲ್ಕ), ಎಲ್ಲಾ ಹಕ್ಕುದಾರರ ತಲೆಗೇ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೂ ಕಟ್ಟಿದೆವು, ಆ ದೀಪಗಳು ಮಾರುಕಟ್ಟೆಗೆ ಬರಲಿಲ್ಲ.